ಹಿಂಭಾರ, ಮುಂಭಾರ: ಗಾಲಿಯ ಮೇಲಿನ ಮನೆಯನ್ನು ಆರಿಸುವ ಬಗೆ

ಪುಣೆಯವರಿಗೆ ‘ಕ್ಯಾಂಪ್’ ಎಂದರೆ ಮಹಾತ್ಮಾ ಗಾಂಧಿ ರಸ್ತೆಯ ಅಂಗಡಿಸಾಲು. ಒಂದು ಕಾಲಕ್ಕೆ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಜಾಗಕ್ಕೆ ಆ ಹೆಸರು ಉಳಿದುಬಂದಿದೆ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರ ಮನಸ್ಸಿನಲ್ಲಿ ಅದೇ ಪದಕ್ಕೆ ಇನ್ನೊಂದು ಚಿತ್ರವಿದೆ: ನಾಟಕ ಕಂಪನಿಯ ಕ್ಯಾಂಪು. ಬಾದಾಮಿಯ ಬಳಿ ಬನದ ಹುಣ್ಣಿಮೆಗೆ ನೆರೆಯುವ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ತಗಡಿನ ರಂಗಮಂದಿರ ಎಬ್ಬಿಸಿ, ಅದರ ಹಿಂದೆಯೇ ಒಲೆ ಹೂಡಿ, ಹಗ್ಗಕ್ಕೆ ಬಟ್ಟೆ ಹರವಿ ವಾರಗಟ್ಟಲೆ ಬದುಕುವುದನ್ನು ನಾವು ಚಿಕ್ಕಂದಿನಿಂದ ಕಂಡವರು. ಪ್ರೇಕ್ಷಕರಾಗಿ ಬಂದ ರೈತ ಕುಟುಂಬಗಳೂ ಚಕ್ಕಡಿಯ ಕೆಳಗೆ ಜಮಖಾನೆ ಹಾಸಿ ರಾತ್ರಿ ಕಳೆಯುತ್ತಿದ್ದವು. ಮನೆಯನ್ನು ಗಾಲಿಯ ಮೇಲೆ ಹೊತ್ತು ಹೋಗುವ ವಿಚಾರ ನಮಗೆ ಹೊರದೇಶದ ಚಲನಚಿತ್ರಗಳಿಂದ ಬಂದದ್ದೇನೂ ಅಲ್ಲ.

ಈ ಮಾತನ್ನು ಎತ್ತಲು ಕಾರಣವಿದೆ. ನಮ್ಮ ಬಳಗದ ಮೂರು ಕುಟುಂಬಗಳು ಸೇರಿ, ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಒಂದು ಕಾರವಾನ್ ಟ್ರೇಲರ್ ಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ. ನಮ್ಮಲ್ಲೊಬ್ಬರ ತಾಯಿಗೆ ಎಪ್ಪತ್ತೆಂಟು ವರ್ಷ. ಬನಶಂಕರಿಯ ತೇರನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ಬಾದಾಮಿಯ ಹತ್ತಿರದ ಹಳ್ಳಿಯಲ್ಲಿದ್ದ ಮನೆ ಮಾರಿಹೋಗಿದೆ. ಜಾತ್ರೆಯ ದಿನಗಳಲ್ಲಿ ವಸತಿಗೃಹದ ಕೋಣೆ ಸಿಗುವುದು ದುಸ್ತರ. ಸಿಕ್ಕರೂ ಮೂರನೆಯ ಮಹಡಿಯಲ್ಲಿ. ಡೇರೆಯಲ್ಲಿ ನೆಲದ ಮೇಲೆ ಮಲಗಿ ಏಳುವ ಶಕ್ತಿ ಅವರ ಮೊಣಕಾಲಿಗಿಲ್ಲ, ರಾತ್ರಿ ಎರಡು ಬಾರಿ ಶೌಚಕ್ಕೆ ಏಳಲೇಬೇಕು. ಇಂಥ ಸ್ಥಿತಿ ನಮ್ಮ ಮೂರೂ ಮನೆಗಳಲ್ಲಿ ಬೇರೆಬೇರೆ ರೂಪದಲ್ಲಿದೆ. ಊರು ಇದೆ, ಊರಿನಲ್ಲಿ ಮನೆಯಿಲ್ಲ. ಹೊರನಾಡಿನಲ್ಲಿರುವ ಬಹುತೇಕ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡೋಣವೆಂದು ಹೋದ ಮಳೆಗಾಲದಲ್ಲಿ ಒಂದು ಟ್ರೇಲರ್ ಪಡೆದು ಆಂಬೋಲಿಗೆ ಹೊರಟೆವು. ಅದನ್ನು ಕೊಟ್ಟವರ ಹೆಸರು ಇಲ್ಲಿ ಮುಖ್ಯವಲ್ಲ. ತಪ್ಪಿನಲ್ಲಿ ಅರ್ಧ ನಮ್ಮದೂ ಇತ್ತು. ಒಳಗೆ ಕಾಲಿಟ್ಟಾಗ ನಮ್ಮ ಕಣ್ಣು ತುಂಬಿದ್ದು ಹೊಳೆಯುವ ಸನ್‌ಮೈಕಾ, ಮಂದಬೆಳಕಿನ ದೀಪಗಳು, ಮಡಚುವ ಮೇಜು. ಕೆಳಗೆ ಬಗ್ಗಿ ಯಾರೂ ನೋಡಲಿಲ್ಲ. ನೀರಿನ ನಾಲ್ಕು ಕ್ಯಾನುಗಳನ್ನೂ, ಆಂಬೋಲಿಯಲ್ಲಿ ಓದೋಣವೆಂದು ಕಟ್ಟಿಕೊಂಡ ಪುಸ್ತಕದ ಎರಡು ಪೆಟ್ಟಿಗೆಗಳನ್ನೂ ಹಿಂಬದಿಯ ಗೂಡಿನಲ್ಲಿ ತುರುಕಿದೆವು.

ಖಂಬಾಟಕಿ ಘಾಟಿಯವರೆಗೆ ಎಲ್ಲ ಸರಿಯಿತ್ತು. ನಿಪ್ಪಾಣಿ ದಾಟಿ ತವಂದಿ ಘಾಟಿಯ ಇಳಿಜಾರಿನಲ್ಲಿ, ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದಾಗ, ಟ್ರೇಲರ್ ಬಾಲ ಅಲ್ಲಾಡಿಸತೊಡಗಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಕಾರಿನ ಹಿಂಭಾಗವೇ ನಮ್ಮ ಹಿಡಿತದಿಂದ ತಪ್ಪಿಹೋಗುತ್ತಿದೆ ಎನಿಸಿದ ಆ ಕ್ಷಣಗಳನ್ನು ಮರೆಯುವಂತಿಲ್ಲ. ಪುಣ್ಯಕ್ಕೆ ಚಾಲಕರು ಗಾಬರಿಯಲ್ಲಿ ಬ್ರೇಕ್ ತುಳಿಯಲಿಲ್ಲ, ಸ್ಟಿಯರಿಂಗ್ ತಿರುವಲಿಲ್ಲ. ವೇಗವರ್ಧಕದಿಂದ ಕಾಲು ತೆಗೆದರು, ವೇಗ ಇಳಿದಂತೆ ತೂಗಾಟವೂ ನಿಂತಿತು. ರಸ್ತೆಯ ಬದಿಗೆ ನಿಲ್ಲಿಸಿ ಇಳಿದಾಗ, ಮುಧೋಳದ ಕಡೆ ಚಕ್ಕಡಿ ಹೊಡೆದು ಬೆಳೆದ ನಮ್ಮ ಹಿರಿಯರೊಬ್ಬರು ಕೊಂಡಿಯನ್ನು ಒಮ್ಮೆ ಎತ್ತಿ ನೋಡಿ ಹೇಳಿದರು: “ತಮ್ಮಾ, ಬಂಡಿ ಹಿಂಭಾರ ಆಗೇದ. ಮೂಕಿ ಮ್ಯಾಲೆ ಏಳಾಕ್ಹತ್ತೇದ.”

ಅಷ್ಟೇ ಸಂಗತಿ. ಪುಸ್ತಕ ಮತ್ತು ನೀರನ್ನು ಅಚ್ಚಿನ ಮೇಲಕ್ಕೆ, ಸ್ವಲ್ಪ ಮುಂದಕ್ಕೆ ಸರಿಸಿದೆವು. ಅಲ್ಲಿಂದ ಮುಂದೆ ಟ್ರೇಲರ್ ಹಸುವಿನಂತೆ ಹಿಂಬಾಲಿಸಿತು. ಆದರೆ ಆಂಬೋಲಿಯ ಎರಡನೆಯ ರಾತ್ರಿ ಚಾವಣಿಯ ಗಾಳಿಗಿಂಡಿಯ ಅಂಚಿನಿಂದ ನೀರು ಒಸರಿ ಹಾಸಿಗೆ ತೋಯ್ದಿತು. ಬೆಳಗ್ಗೆ ನೆಲಹಾಸಿನ ಮೂಲೆಯನ್ನು ಎತ್ತಿ ನೋಡಿದರೆ ಕೆಳಗಿನ ಹಲಗೆ ನೆನೆದ ಅವಲಕ್ಕಿಯಂತೆ ಮೆತ್ತಗಾಗಿತ್ತು. ಅದು ಒಂದು ಮಳೆಯ ಕೆಲಸವಲ್ಲ. ಹಲವು ಮಳೆಗಾಲಗಳಿಂದ ಗೋಡೆಯೊಳಗೆ ನೀರು ಇಳಿಯುತ್ತಲೇ ಇತ್ತು. ಹೊಳೆಯುವ ಸನ್‌ಮೈಕಾ ಅದನ್ನು ಮುಚ್ಚಿತ್ತು.

ಈ ಒಂದು ಪ್ರಯಾಣದಿಂದ ನಮ್ಮಲ್ಲಿ ಗಟ್ಟಿಯಾದ ಅಭಿಪ್ರಾಯವನ್ನೇ ಇಲ್ಲಿ ಮಂಡಿಸುತ್ತಿದ್ದೇವೆ. ಟ್ರೇಲರನ್ನು ಕೆಳಗಿನಿಂದ ಮೇಲಕ್ಕೆ, ಹೊರಗಿನಿಂದ ಒಳಕ್ಕೆ ಆರಿಸಬೇಕು. ಮೊದಲು ಅಚ್ಚು, ಗಾಲಿ, ಚೌಕಟ್ಟು, ಕೊಂಡಿ. ಆಮೇಲೆ ಚಾವಣಿ ಮತ್ತು ಗೋಡೆಯ ಕೀಲುಗಳು. ಕಟ್ಟಕಡೆಗೆ ಒಳಗಿನ ಅಲಂಕಾರ. ಮಾರಾಟದ ಮಳಿಗೆಯಲ್ಲಿ ತೋರಿಸುವ ಕ್ರಮ ಇದಕ್ಕೆ ಸರಿಯಾಗಿ ತಲೆಕೆಳಗು.

ನಮ್ಮ ಹಿಂದಿನವರು ಬಂಡಿ ಮಾಡಿಸುವಾಗ ಹೀಗೆಯೇ ನೋಡುತ್ತಿದ್ದರು. ಜಾತ್ರೆಗೆ ಹೊರಡುವ ಕೊಲ್ಲಾರಿ ಬಂಡಿಗೆ ಬಣ್ಣ, ಕಮಾನು, ಗೊಂಡೆ ಎಲ್ಲವೂ ಇರುತ್ತಿದ್ದವು, ನಿಜ. ಆದರೆ ಬಡಗಿಯ ಮುಂದೆ ಕುಳಿತ ಒಕ್ಕಲಿಗ ಮೊದಲು ಕೇಳುತ್ತಿದ್ದುದು ಗಾಲಿಯ ಗುಂಭಕ್ಕೆ ಯಾವ ಮರ, ಅಚ್ಚಿಗೆ ಎಂಥ ಕಬ್ಬಿಣ, ಹಳಿ ಬಿಗಿಯಾಗಿ ಕೂತಿದೆಯೇ ಎಂಬುದನ್ನು. ಹೊರಡುವ ಮುನ್ನ ಕೀಲೆಣ್ಣೆ ಹಾಕದ ಬಂಡಿ ಊರ ಅಗಸಿ ದಾಟುತ್ತಿರಲಿಲ್ಲ. ಹೇರು ಹಿಂದಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂದಾದರೆ ಹೆಗಲು ಹುಣ್ಣಾಗುತ್ತದೆ. ಹಿಂಭಾರ, ಮುಂಭಾರ ಎಂಬ ಎರಡು ಪದಗಳಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ. ಇಂದಿನ ಟ್ರೇಲರಿನ ಯಂತ್ರಶಾಸ್ತ್ರ ಹೇಳುವುದೂ ಇದನ್ನೇ, ಅಂಕಿಗಳ ಭಾಷೆಯಲ್ಲಿ.

ಆ ಅಂಕಿಗಳನ್ನು ಸ್ವಲ್ಪ ವಿವರಿಸುತ್ತೇವೆ. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮುಂದಿನ ಕೊಂಡಿಯ ಮೇಲೆ ಬೀಳಬೇಕೆಂಬುದು ಬಹಳ ಕಡೆ ಒಪ್ಪಿಕೊಂಡ ಲೆಕ್ಕ. 900 ಕಿಲೋ ತೂಗುವ ಟ್ರೇಲರಿಗೆ ಅದು 90 ಕಿಲೋ. ಅದಕ್ಕಿಂತ ಬಹಳ ಕಡಿಮೆಯಾದರೆ ಹಿಂಭಾರ, ತವಂದಿ ಘಾಟಿಯಲ್ಲಿ ನಾವು ಕಂಡ ತೂಗಾಟ. ಬಹಳ ಹೆಚ್ಚಾದರೆ ಕಾರಿನ ಹಿಂಗಾಲಿ ಕುಸಿದು, ಮುಂಗಾಲಿಯ ಹಿಡಿತ ಸಡಿಲವಾಗುತ್ತದೆ. ಇದನ್ನು ಅಳೆಯಲು ದೊಡ್ಡ ಉಪಕರಣ ಬೇಡ. ಸಮನೆಲದಲ್ಲಿ ನಿಲ್ಲಿಸಿ, ಗಾಲಿಗೆ ಅಡ್ಡಗಲ್ಲು ಕೊಟ್ಟು, ಕೊಂಡಿಯ ಕೆಳಗೆ ಮರದ ತುಂಡಿಟ್ಟು ಅದನ್ನು ಮನೆಯ ತೂಕದ ಯಂತ್ರದ ಮೇಲೆ ಇಳಿಸಿದರಾಯಿತು. ಒಟ್ಟು ತೂಕಕ್ಕಂತೂ ಹೆದ್ದಾರಿಯ ಉದ್ದಕ್ಕೂ ಕಾಟಾಗಳಿವೆ. ಕಬ್ಬು ತೂಗುವ ಸೀಮೆಯಲ್ಲಿ ಅದಕ್ಕೆ ಬರವಿಲ್ಲ.

ತೂಕದ ಇನ್ನೊಂದು ಲೆಕ್ಕ ಕೊಳ್ಳುವವರನ್ನು ಹೆಚ್ಚು ಮೋಸಗೊಳಿಸುತ್ತದೆ. ಖಾಲಿ ತೂಕ 650 ಕಿಲೋ, ಗರಿಷ್ಠ ತೂಕ 900 ಕಿಲೋ ಎಂದು ಪತ್ರದಲ್ಲಿದ್ದರೆ ನಮಗೆ ಉಳಿಯುವುದು 250 ಕಿಲೋ. 60 ಲೀಟರ್ ನೀರು ಎಂದರೆ 60 ಕಿಲೋ. ಸೀಸ-ಆಮ್ಲದ ದೊಡ್ಡ ಬ್ಯಾಟರಿ ಸುಮಾರು 30. ಸಣ್ಣ ಅನಿಲ ಸಿಲಿಂಡರು, ಒಲೆ ಸೇರಿ 15. ಹೊರಚಪ್ಪರ, ಕುರ್ಚಿ, ಮೇಜು 30. ಹಾಸಿಗೆ, ಪಾತ್ರೆ, ಧಾನ್ಯ, ಬಟ್ಟೆ 80. ಇಷ್ಟಕ್ಕೇ 215 ಆಯಿತು. ಪುಸ್ತಕದ ಪೆಟ್ಟಿಗೆಗೆ ಮಿಕ್ಕದ್ದು 35 ಕಿಲೋ. ಒಳಗೆ ಹವಾನಿಯಂತ್ರಕ, ದೊಡ್ಡ ಟಿ.ವಿ., ದಪ್ಪ ಕಲ್ಲಿನ ಅಡುಗೆಕಟ್ಟೆ ಇದ್ದಷ್ಟೂ ಖಾಲಿ ತೂಕ ಏರಿ ನಮ್ಮ ಪಾಲು ಕರಗುತ್ತದೆ. ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ “ಒಳಗೆ ಏನೇನಿದೆ” ಎಂಬುದಲ್ಲ. “ಇನ್ನೆಷ್ಟು ಹೇರಬಹುದು” ಎಂದು ಕೇಳಬೇಕು. ಉತ್ತರ ಬರಹದಲ್ಲಿ ಬಾರದಿದ್ದರೆ ಅಲ್ಲಿಂದ ಎದ್ದು ಬರುವುದು ಲೇಸು.

ಇನ್ನು ಕೆಳಗೆ ಬಗ್ಗುವ ಕೆಲಸ. ನಮ್ಮ ಬಳಗದಲ್ಲಿ ಪಿಂಪರಿ-ಚಿಂಚವಡದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರಿದ್ದಾರೆ. ಕಥೆ, ಕವಿತೆಗಳ ಬಗ್ಗೆ ನಮ್ಮಲ್ಲಿ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ ಬೆಸುಗೆಯ ಬಗ್ಗೆ ಅವರ ಮಾತೇ ಅಂತಿಮ. ಟಾರ್ಚು ಹಿಡಿದು ಮಲಗಿ ನೋಡಿ ಎನ್ನುತ್ತಾರೆ ಅವರು. ಚೌಕಟ್ಟಿನ ಬೆಸುಗೆ ಒಂದೇ ಸಮನೆ ಹರಿದಿದೆಯೇ, ಅಥವಾ ಅಲ್ಲಲ್ಲಿ ಚುಕ್ಕೆ ಇಟ್ಟು ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆಯೇ? ಉಕ್ಕಿಗೆ ಸತುವಿನ ಲೇಪವಿದೆಯೇ? ಟೊಳ್ಳು ಚೌಕದ ಕೊಳವೆಗಳಲ್ಲಿ ನೀರು ಇಳಿಯಲು ರಂಧ್ರಗಳಿವೆಯೇ? ಕೊಂಕಣದ ಉಪ್ಪುಗಾಳಿಯಲ್ಲಿ ಎರಡು ಸಲ ನಿಂತ ಮೇಲೆ ತುಕ್ಕು ಒಳಗಿನಿಂದಲೇ ಶುರುವಾಗುತ್ತದೆ. ಮೂಕಿಯ ಉಕ್ಕು ಚೌಕಟ್ಟಿನ ಕೆಳಗೆ ಅಚ್ಚಿನವರೆಗೂ ಹೋಗಿದೆಯೇ, ಮುಂದಿನ ಅಡ್ಡಪಟ್ಟಿಗೆ ಮಾತ್ರ ಅಂಟಿಕೊಂಡಿದೆಯೇ ಎಂಬುದನ್ನಂತೂ ಅವಶ್ಯವಾಗಿ ನೋಡಬೇಕು. ಎಳೆತದ ಪೆಟ್ಟೆಲ್ಲ ಬೀಳುವುದು ಆ ಜೋಡಣೆಯ ಮೇಲೆ.

ಅಚ್ಚಿನ ವಿಷಯದಲ್ಲಿ ಎರಡು ಪಂಥಗಳಿವೆ. ರಬ್ಬರಿನ ತಿರುಚುವಿಕೆಯಿಂದ ಕುಲುಕಾಟ ನುಂಗುವ ಅಚ್ಚು ಮೃದು, ನಿಶ್ಶಬ್ದ. ಆದರೆ ಅದರೊಳಗಿನ ರಬ್ಬರು ಹಾಳಾದರೆ ಅಚ್ಚನ್ನೇ ಬದಲಿಸಬೇಕು. ಪಟ್ಟಿ ಸ್ಪ್ರಿಂಗಿನದು ಸ್ವಲ್ಪ ಒರಟು. ಆದರೆ ಒಂದು ಪಟ್ಟಿ ಮುರಿದರೆ ನಿಪ್ಪಾಣಿಯಲ್ಲಿರಲಿ, ಇಂಡಿಯಲ್ಲಿರಲಿ, ಲಾರಿ ದುರಸ್ತಿ ಮಾಡುವ ಯಾವ ಗ್ಯಾರೇಜಿನಲ್ಲೂ ಸರಿಹೋಗುತ್ತದೆ. ನಮ್ಮ ಒಲವು ಎರಡನೆಯದರ ಕಡೆಗೆ. ಪ್ರವಾಸದ ಗಾಡಿ ಕೆಡುವುದು ಮನೆಯ ಮುಂದಲ್ಲ, ಮನೆಯಿಂದ ದೂರದಲ್ಲಿ. ಅದೇ ಕಾರಣಕ್ಕೆ ಟ್ರೇಲರಿನ ಟಯರು ಕಾರಿನ ಅಳತೆಯದೇ ಆಗಿದ್ದರೆ ಉತ್ತಮ. ಒಂದು ಹೆಚ್ಚುವರಿ ಗಾಲಿ ಎರಡಕ್ಕೂ ಒದಗುತ್ತದೆ. ನಿಂತು ನಿಂತೇ ಮುದಿಯಾಗುವುದು ಟ್ರೇಲರ್ ಟಯರಿನ ಸ್ವಭಾವ. ಅದರ ಪಕ್ಕೆಯಲ್ಲಿ ನಾಲ್ಕಂಕಿಯ ಗುರುತಿರುತ್ತದೆ: 2319 ಎಂದಿದ್ದರೆ 2019ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಅಚ್ಚು ಎಷ್ಟೇ ಆಳವಾಗಿ ಉಳಿದಿದ್ದರೂ ಐದಾರು ವರ್ಷ ದಾಟಿದ ಟಯರನ್ನು ನಂಬಿ ಘಾಟಿ ಇಳಿಯಬಾರದು.

ಬ್ರೇಕಿನ ವಿಚಾರದಲ್ಲಿ ನಾವು ರಾಜಿಗೆ ಸಿದ್ಧರಿಲ್ಲ. ಯುರೋಪಿನಲ್ಲಿ 750 ಕಿಲೋಗಿಂತ ಭಾರದ ಟ್ರೇಲರಿಗೆ ತನ್ನದೇ ಬ್ರೇಕು ಇರಲೇಬೇಕು. ಸಹ್ಯಾದ್ರಿಯ ಘಾಟಿಗಳಲ್ಲಿ ತಿರುಗಾಡುವವರು ಅದಕ್ಕಿಂತ ಹಗುರಾದುದಕ್ಕೂ ಬ್ರೇಕು ಬೇಡಿದರೆ ಅತಿಯಾಗದು. ಕಾರಿನ ಬ್ರೇಕೊಂದೇ ಎರಡು ವಾಹನಗಳನ್ನು ತಡೆಯುತ್ತ ಉದ್ದ ಇಳಿಜಾರಿನಲ್ಲಿ ಕಾದು ಸೋತುಹೋದರೆ, ಆಮೇಲೆ ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ. ಕೊಂಡಿ ಕಳಚಿದರೂ ಟ್ರೇಲರ್ ಬೇರೆಯಾಗದಂತೆ ಅಡ್ಡಡ್ಡ ಬಿಗಿದ ಎರಡು ಸರಪಳಿ ಇರಬೇಕು. ಬ್ರೇಕಿನ, ತಿರುವಿನ ದೀಪಗಳು ಕಾರಿನೊಡನೆ ಬೆಳಗಬೇಕು. ಕಬ್ಬಿನ ಹಂಗಾಮಿನಲ್ಲಿ ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆಯ ರಸ್ತೆಗಳಲ್ಲಿ ರಾತ್ರಿ ಓಡಾಡಿದವರಿಗೆ, ಹಿಂದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆದು ಹೋಗುವ ಟ್ರ್ಯಾಕ್ಟರುಗಳು ಎಂಥ ಭಯ ಹುಟ್ಟಿಸುತ್ತವೆಂಬುದು ಗೊತ್ತು. ಅದೇ ಅಪಾಯವನ್ನು ನಾವು ಬೇರೆಯವರಿಗೆ ತಂದೊಡ್ಡಬಾರದು.

ಅಚ್ಚು, ಗಾಲಿ ಒಪ್ಪಿಗೆಯಾದ ಮೇಲೆ ಮೈಯ ಕಡೆ ಬರಬಹುದು. ಗಾಲಿಯ ಮನೆಯ ಶತ್ರು ನೀರು. ಕಳ್ಳನಂತೆ ಅದು ಬರುವುದು ಕಿಂಡಿಗಳಿಂದ: ಚಾವಣಿ ಮತ್ತು ಗೋಡೆ ಸೇರುವ ಅಂಚು, ಕಿಟಕಿಯ ಚೌಕಟ್ಟು, ದೀಪಕ್ಕೆಂದು ಕೊರೆದ ತೂತು, ಸೌರಫಲಕವನ್ನು ಬಿಗಿದ ಸ್ಕ್ರೂ. ಹೀಗಾಗಿ ಗೋಡೆಗಳನ್ನು ಕಟ್ಟುವ ಮೂರು ವಿಧಾನಗಳನ್ನು ಅರಿತಿರಬೇಕು. ಮರದ ಚೌಕಟ್ಟಿಗೆ ತಗಡು ಹೊದಿಸಿದ್ದು ಮೊದಲನೆಯದು. ಅದು ಅಗ್ಗ, ದುರಸ್ತಿ ಸುಲಭ. ಆದರೆ ಒಳಗೆ ನೀರು ಸೇರಿದರೆ ಮರ ಸದ್ದಿಲ್ಲದೆ ಕೊಳೆಯುತ್ತದೆ. ಎರಡು ತೆಳು ಹಾಳೆಗಳ ನಡುವೆ ಗಟ್ಟಿ ನೊರೆಯನ್ನು ಅಂಟಿಸಿ ಮಾಡಿದ ಫಲಕಗಳದು ಎರಡನೆಯದು. ಅದು ಹಗುರ, ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅಂಟು ಬಿಟ್ಟರೆ ಹಪ್ಪಳದಂತೆ ಉಬ್ಬುತ್ತದೆ. ನಾರುಗಾಜಿನ ಎರಡು ಚಿಪ್ಪುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ಜೋಡಿಸಿದ್ದು ಮೂರನೆಯದು. ಅದಕ್ಕೆ ಸುತ್ತಲೂ ಒಂದೇ ಕೀಲು. ಕೆನಡಾದ ವಿನ್ನಿಪೆಗ್‌ನಲ್ಲಿ 1968ರಲ್ಲಿ ಹೊರಬಂದ ಮೊಟ್ಟೆಯಾಕಾರದ ಬೋಲರ್ ಎಂಬ ಪುಟ್ಟ ಟ್ರೇಲರ್ ಈ ಬಗೆಯದು. ಅದರ ವಿನ್ಯಾಸಕ ಅದಕ್ಕೆ ಮೊದಲು ಇದೇ ನಾರುಗಾಜಿನಿಂದ ಮಲಗುಂಡಿಯ ತೊಟ್ಟಿಯನ್ನು ರೂಪಿಸಿದ್ದವನು. ನೀರನ್ನು ಒಳಗೆ ಹಿಡಿದಿಡುವ ವಿದ್ಯೆ ಬಲ್ಲವನು ಅದನ್ನು ಹೊರಗಿಡುವುದನ್ನೂ ಬಲ್ಲ. ಅಂದು ಮಾಡಿದ ಎಷ್ಟೋ ಬೋಲರುಗಳು ಇಂದಿಗೂ ರಸ್ತೆಯ ಮೇಲಿವೆ.

ಪುಣೆಯ ಸುತ್ತ, ಭೋಸರಿ ಚಾಕಣಗಳಲ್ಲಿ ನಾರುಗಾಜಿನ ಕೆಲಸ ಬಲ್ಲ ಸಣ್ಣ ಕಾರ್ಖಾನೆಗಳಿಗೆ ಕೊರತೆಯಿಲ್ಲ. ನಮ್ಮ ಮಳೆಗೆ ಈ ಮೂರನೆಯ ಬಗೆಯೇ ತಕ್ಕದ್ದೆಂಬುದು ನಮ್ಮ ಮತ. ಅದು ಸಿಗದಿದ್ದರೆ ಎರಡನೆಯದು, ಅಂಚುಗಳನ್ನು ಪರೀಕ್ಷಿಸಿ. ಪರೀಕ್ಷೆಗೆ ಸರಳ ದಾರಿಯಿದೆ: ನೀರಿನ ಪೈಪು ಹಿಡಿದು ಅರ್ಧ ತಾಸು ಚಾವಣಿಯ ಮೇಲೆ ಮಳೆ ಸುರಿಸಿರಿ, ಆಮೇಲೆ ಒಳಗೆ ಹೋಗಿ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿರಿ, ಗೂಡುಗಳ ಬಾಗಿಲು ತೆರೆದು ಮೂಸಿರಿ. ಹಳೆಯ ಟ್ರೇಲರಿನಲ್ಲಿ ಹೊಸ ಬಣ್ಣದ ವಾಸನೆಯೂ ಅನುಮಾನಕ್ಕೆ ಕಾರಣವೇ. ಇದಕ್ಕೆ ಒಪ್ಪದ ಮಾರಾಟಗಾರರ ಬಳಿ ವ್ಯವಹಾರ ಬೇಡ.

ಒಳಗಿನ ಸೌಕರ್ಯಗಳ ಬಗ್ಗೆ ನಾವು ಹೇಳುವುದು ಸ್ವಲ್ಪವೇ. ಹನ್ನೆರಡು ವೋಲ್ಟಿನ, ನೂರು ಆಂಪಿಯರ್-ತಾಸಿನ ಬ್ಯಾಟರಿಯಲ್ಲಿರುವುದು ಹೆಚ್ಚೆಂದರೆ 1.2 ಯೂನಿಟ್ ವಿದ್ಯುತ್ತು. ದೀಪ, ಫ್ಯಾನು, ಮೊಬೈಲುಗಳಿಗೆ ಅದು ಎರಡು ರಾತ್ರಿ ಸಾಕು; ಒಂದು ಟನ್ನಿನ ಹವಾನಿಯಂತ್ರಕಕ್ಕೆ ಒಂದು ತಾಸಿನ ಮೇಲೆ ಸಾಲದು. ಆಷಾಢದ ಮೋಡದಲ್ಲಿ ಸೌರಫಲಕವನ್ನು ನಂಬುವಂತಿಲ್ಲ. ಅಡುಗೆಯನ್ನು ಸಾಧ್ಯವಾದಷ್ಟು ಹೊರಚಪ್ಪರದಲ್ಲಿ ಮಾಡಬೇಕು. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಗಾಳಿಗಿಂಡಿ ನೆಲಮಟ್ಟದಲ್ಲಿಯೂ ಇರಬೇಕು. ಬಾಗಿಲು ಮುಚ್ಚಿ ಒಲೆ ಹೊತ್ತಿಸಿ ಮಲಗುವಂತಿಲ್ಲ. ಎಪ್ಪತ್ತೆಂಟರ ತಾಯಿಗೆ ಬೇಕಾದದ್ದು ಇಷ್ಟೇ: ಮೊಣಕಾಲಿನ ಎತ್ತರದ ಮಂಚ, ಹಿಡಿಕೆಯಿರುವ ಮೆಟ್ಟಿಲು, ಹೊರಗೆಳೆದು ಖಾಲಿಮಾಡಬಹುದಾದ ತೊಟ್ಟಿಯ ಶೌಚ. ಈ ಮೂರು ಇದ್ದರೆ ಟಿ.ವಿ. ಇಲ್ಲದಿದ್ದರೆ ಅವರು ಕೇಳುವವರಲ್ಲ.

ಗಾತ್ರವನ್ನು ರಾತ್ರಿಗಳ ಲೆಕ್ಕ ನಿರ್ಧರಿಸಲಿ. ನಮ್ಮ ಮೂರು ಕುಟುಂಬಗಳು ಕಳೆದ ವರ್ಷ ಹೊರಗೆ ಕಳೆದ ರಾತ್ರಿಗಳನ್ನು ಬರೆದು ನೋಡಿದೆವು: ಒಟ್ಟು ಮೂವತ್ತೊಂದು. ಪವನಾ ಅಣೆಕಟ್ಟಿನ ದಂಡೆ, ಭಂಡಾರದರಾ, ದಾಂಡೇಲಿ, ಪಟ್ಟದಕಲ್ಲು. ಒಂದೊಂದು ಕುಟುಂಬ ಒಂದೊಂದು ಸಲ; ಎಲ್ಲರೂ ಒಟ್ಟಿಗೆ ಹೋದದ್ದು ಎರಡೇ ಬಾರಿ. ಆ ಎರಡು ಬಾರಿಗಾಗಿ ದೊಡ್ಡ ಟ್ರೇಲರ್ ಕೊಂಡು ಉಳಿದ ರಾತ್ರಿಗಳೆಲ್ಲ ಖಾಲಿ ಜಾಗವನ್ನು ಎಳೆಯುವುದು ಜಾಣತನವಲ್ಲ. ಇಬ್ಬರು ಹಿರಿಯರು ಒಳಗೆ, ಮಿಕ್ಕವರು ಪಕ್ಕದ ಡೇರೆಯಲ್ಲಿ ಮಲಗಿದರೆ ನಡೆಯುತ್ತದೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ-ಲೇಖಕ ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಎಂಬ ಕುದುರೆಗಾಡಿ ಕಟ್ಟಿಸಿಕೊಂಡ. ಬರಿಯ ವಿಹಾರಕ್ಕೆಂದೇ ನಿರ್ಮಿಸಿದ ಮೊದಲ ಕಾರವಾನ್ ಎಂದು ಅದನ್ನು ಗುರುತಿಸುತ್ತಾರೆ. ಅದು ಎಷ್ಟು ಭಾರವಾಗಿತ್ತೆಂದರೆ ಎರಡು ಕುದುರೆ ಬೇಕಾದವು. ಬೀದಿ ತಿರುವುಗಳಲ್ಲಿ ಎಚ್ಚರಿಸಲು ಒಬ್ಬ ಸೇವಕ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದ. ನಮಗೆ ಅಂಥ ಸೇವಕರಿಲ್ಲ. ಸಿಂಹಗಡ ರಸ್ತೆಯ ದಟ್ಟಣೆಯಲ್ಲಿ ಹಿಮ್ಮುಖ ತೆಗೆಯಬೇಕಾದವರು ನಾವೇ.

ಕಾನೂನಿನ ಮಾತನ್ನೂ ಮರೆಯಲಾಗದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಸಹ ಒಂದು ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಅಂಗಳದಲ್ಲಿ ಬೆಸೆದು ‘ಇದು ಬರಿಯ ಗಾಡಿ, ಪರವಾಗಿಲ್ಲ’ ಎನ್ನುವವರ ಮಾತಿಗೆ ಮರುಳಾಗಬಾರದು. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಆ ಕಾಗದವನ್ನು. ನಮ್ಮ ಕಾರಿನ ಕೈಪಿಡಿಯಲ್ಲಿ ಅದು ಎಷ್ಟು ತೂಕ ಎಳೆಯಬಲ್ಲದೆಂದು ಬರೆದಿದೆಯೇ, ಎಳೆಯಲೇಬಾರದೆಂದು ಬರೆದಿದೆಯೇ ಎಂಬುದನ್ನು ಟ್ರೇಲರ್ ಹುಡುಕುವ ಮೊದಲೇ ಓದಬೇಕು. ವೇತಾಳ ಟೇಕಡಿಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಹೋಗುವ ಪುಣೆಕರರು ಆ ಗುಡ್ಡವನ್ನು ಎ.ಆರ್.ಎ.ಐ. ಟೇಕಡಿ ಎಂದೂ ಕರೆಯುತ್ತಾರೆ. 1966ರಲ್ಲಿ ಸ್ಥಾಪನೆಯಾದ ಆ ವಾಹನ ಸಂಶೋಧನಾ ಸಂಸ್ಥೆ, ದೇಶದಲ್ಲಿ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಸಂಸ್ಥೆಗಳಲ್ಲೊಂದು. ಅಂಥ ಸಂಸ್ಥೆಯ ಅನುಮೋದನೆ ಪಡೆದ ಮಾದರಿಯನ್ನೇ ಆರಿಸುವುದು ಪುಣೆಯವರಿಗಂತೂ ಮರ್ಯಾದೆಯ ಪ್ರಶ್ನೆ.

ಎಂಜಿನ್ ಸಹಿತವಾದ ಕಾರವಾನೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಹಿಂಭಾರದ ಚಿಂತೆಯಿಲ್ಲ, ಹಿಮ್ಮುಖ ತೆಗೆಯುವುದು ಸುಲಭ, ಒಪ್ಪುತ್ತೇವೆ. ವರ್ಷಕ್ಕೆ ಒಂದೆರಡು ಬಾರಿ ಹೋಗುವವರು ಅಂಥದನ್ನು ಚಾಲಕರ ಸಮೇತ ಬಾಡಿಗೆಗೆ ಪಡೆಯುವುದೇ ಉಚಿತ. ಆದರೆ ಮೇಲಿಂದ ಮೇಲೆ ಹೋಗುವವರಿಗೆ, ತಂಗಿದ ಸ್ಥಳದಲ್ಲಿ ಮನೆಯನ್ನು ಬಿಟ್ಟು ಕಾರಿನಲ್ಲಿ ಸುತ್ತಾಡಿ ಬರುವ ಸ್ವಾತಂತ್ರ್ಯವನ್ನು ಟ್ರೇಲರ್ ಮಾತ್ರ ಕೊಡುತ್ತದೆ. ಅಜ್ಜಿ ಮಂಚದ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಮೊಮ್ಮಕ್ಕಳು ಮಹಾಕೂಟ ನೋಡಿ ಬರಬಹುದು. ಮಿಕ್ಕ ದಿನಗಳಲ್ಲಿ ಕಾರು ಕಾರಾಗಿಯೇ ಕಚೇರಿಗೆ ಹೋಗುತ್ತದೆ. ಟ್ರೇಲರ್ ನಿಲ್ಲಿಸಲು ಜಾಗವೆಲ್ಲಿ ಎಂಬ ಪ್ರಶ್ನೆ ಮಾತ್ರ ನಿಜಕ್ಕೂ ಕಠಿಣ. ಪುಣೆಯ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಎರಡನೆಯ ಕಾರಿಗೇ ಜಗಳವಾಗುತ್ತದೆ. ಗಾಲಿಯ ಮನೆಗೆ ಯಾರು ಒಪ್ಪುತ್ತಾರೆ? ನಾವು ನಗರದ ಹೊರಗೆ ಸ್ನೇಹಿತರೊಬ್ಬರ ಹೊಲದ ಚಪ್ಪರವನ್ನು ಕೇಳಿಕೊಂಡಿದ್ದೇವೆ. ನಿಲ್ಲಿಸುವ ಜಾಗ ಖಚಿತವಾಗದೆ ಮುಂಗಡ ಕೊಡಬೇಡಿರೆಂದು ಓದುಗರಿಗೆ ಹೇಳುತ್ತೇವೆ.

ಗಾಡಿ ಎಷ್ಟೇ ಚೆನ್ನಾಗಿದ್ದರೂ ತಂಗುವ ತಾಣ ಚೆನ್ನಾಗಿರದಿದ್ದರೆ ಅದು ಅಪೂರ್ಣ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿಯನ್ನು ತಂದಿತು. ಅದೇ ವರ್ಷ ಕೇರಳವೂ ‘ಕೇರವಾನ್’ ಯೋಜನೆ ಪ್ರಕಟಿಸಿತು. ಪ್ರಯಾಣಿಕರಾದ ನಮ್ಮ ಬೇಡಿಕೆ ಬಹಳ ಸಣ್ಣದು: ಸಮತಟ್ಟಾದ ನೆಲ, ಒಂದು ನಲ್ಲಿ, ಒಂದು ದೀಪ, ಶೌಚದ ತೊಟ್ಟಿಯನ್ನು ಮರ್ಯಾದೆಯಿಂದ ಖಾಲಿ ಮಾಡಲು ಒಂದು ಚರಂಡಿ. ಈ ವ್ಯವಸ್ಥೆಯ ಹಳೆಯ ಮಾದರಿ ನಮ್ಮ ಕಣ್ಣೆದುರೇ ಇದೆ. ಪ್ರತಿ ವರ್ಷ ಜ್ಯೇಷ್ಠದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ಜ್ಞಾನೇಶ್ವರರ ಪಾಲಖಿ ಹೊರಡುತ್ತದೆ. ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಶಿತೋಳೆ ಮನೆತನದ ಕುದುರೆಗಳು ನಡೆದು ಬಂದು ಅದನ್ನು ಕೂಡಿಕೊಳ್ಳುತ್ತವೆ. ದಿಂಡಿಗಳ ಡೇರೆ, ಪಾತ್ರೆಪಗಡ ಹೊತ್ತ ಲಾರಿಗಳು ಮುಂದಾಗಿ ಹೋಗಿ ಮುಕ್ಕಾಂ ಸಿದ್ಧಮಾಡುತ್ತವೆ. ಲಕ್ಷಾಂತರ ಜನ ಮಳೆಯಲ್ಲಿ ರಾತ್ರಿ ಕಳೆಯುವುದು ಸಾಧ್ಯವಾಗುವುದು, ಮುಕ್ಕಾಂ ಎಲ್ಲೆಂದು ನಿಶ್ಚಿತವಾಗಿರುವುದರಿಂದ ಮತ್ತು ಅಲ್ಲಿ ನೀರಿನ ಟ್ಯಾಂಕರು ನಿಂತಿರುವುದರಿಂದ. ನೀತಿ ಬರೆಯುವವರು ಆ ಮುಕ್ಕಾಮುಗಳಲ್ಲಿ ಒಂದು ರಾತ್ರಿ ಇದ್ದು ಬಂದರೆ ಒಳ್ಳೆಯದು. ಸರ್ಕಾರ ಕೊಡುವವರೆಗೆ ನಮ್ಮ ಕರ್ತವ್ಯವೂ ಇದೆ: ತೊಟ್ಟಿಯನ್ನು ಹಳ್ಳದ ದಂಡೆಯಲ್ಲಿ ಚೆಲ್ಲದೆ, ಪೆಟ್ರೋಲ್ ಬಂಕಿನ ಶೌಚಾಲಯದವರನ್ನು ಕೇಳಿ, ಅದರ ಸ್ವಚ್ಛತೆಗೆ ಹಣ ಕೊಟ್ಟು ಖಾಲಿ ಮಾಡುವುದು.

ನಮ್ಮ ಆಯ್ಕೆಯನ್ನು ಹೇಳಿ ಮುಗಿಸುತ್ತೇವೆ. ನಾರುಗಾಜಿನ ಚಿಪ್ಪಿನ, ಒಂದೇ ಅಚ್ಚಿನ, ಪಟ್ಟಿ ಸ್ಪ್ರಿಂಗು ಮತ್ತು ಸ್ವಂತ ಬ್ರೇಕಿರುವ ಸಣ್ಣ ಟ್ರೇಲರಿಗೆ ಮಾತಾಗಿದೆ. ಕೊನೆಯ ಕಂತು ಕೊಡುವ ಮುನ್ನ ಮೂರು ಕರಾರು ಹಾಕಿದ್ದೇವೆ: ಕಾಟಾದ ಮೇಲೆ ನಮ್ಮೆದುರೇ ತೂಗಬೇಕು, ಅರ್ಧ ತಾಸು ನೀರು ಸುರಿಸಿ ತೋರಿಸಬೇಕು, ನೋಂದಣಿಯ ಕಾಗದ ಕೈಗೆ ಬರಬೇಕು. ಹಿರಿಯರು ನಾಲ್ಕನೆಯದೊಂದನ್ನು ಸೇರಿಸಿದ್ದಾರೆ. ಪ್ರತಿ ಪ್ರಯಾಣಕ್ಕೂ ಮುನ್ನ ಕೊಂಡಿಯ ತೂಕವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕಂತೆ. ಆ ನೋಟುಬುಕ್ಕಿನ ಮೊದಲ ಪುಟಕ್ಕೆ ‘ಹಿಂಭಾರ, ಮುಂಭಾರ’ ಎಂದು ತಮ್ಮ ಕೈಯಾರೆ ಶೀರ್ಷಿಕೆ ಬರೆದು ಕೊಟ್ಟಿದ್ದಾರೆ.

ಬನದ ಹುಣ್ಣಿಮೆಗೆ ಸೊಲ್ಲಾಪುರ, ವಿಜಯಪುರದ ದಾರಿ ಹಿಡಿಯುತ್ತೇವೆ. ಘಾಟಿಗಳು ಕಡಿಮೆ, ಮಳೆಯೂ ಇರದು. ಪುಸ್ತಕದ ಪೆಟ್ಟಿಗೆ ಈ ಸಲ ಒಂದೇ, ಅದೂ ಅಚ್ಚಿನ ಮೇಲೆ. ಜಾತ್ರೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಬಲ್ಲ ಬಾದಾಮಿ ಕಡೆಯ ಓದುಗರಿದ್ದರೆ ದಯವಿಟ್ಟು ತಿಳಿಸಿರಿ. ರಾತ್ರಿ ನಾಟಕ ಮುಗಿದ ಮೇಲೆ ತಾಯಿಯವರು ಹೆಚ್ಚು ನಡೆಯಲಾರರು.